ನೆಟ್‌ಹ್ಯಾಕ್: ಬೆಲೆ ಕೇಳಿ ಗುಟ್ಟು ತಿಳಿಯುವ ಆಟ

ಒಂದು ಭಾನುವಾರ ನಾನು ಕಂಪ್ಯೂಟರ್ ಮುಂದೆ ಕುಳಿತಿದ್ದಾಗ ತಂಗಿ ಬಂದು ಪರದೆ ನೋಡಿ, "ಭಾಯಿ, ಕಂಪ್ಯೂಟರ್ ಕೆಟ್ಟು ಹೋಯ್ತಾ?" ಎಂದು ಕೇಳಿದಳು. ಅವಳದ್ದೇನೂ ತಪ್ಪಲ್ಲ. ಕಪ್ಪು ಪರದೆಯ ಮೇಲೆ ಒಂದಷ್ಟು ಚುಕ್ಕೆಗಳು, ಅಡ್ಡಗೆರೆ, ಉದ್ದಗೆರೆ, ಅಲ್ಲಲ್ಲಿ ಇಂಗ್ಲಿಷ್ ಅಕ್ಷರಗಳು, ಇಷ್ಟೇ ಕಾಣುತ್ತಿದ್ದವು. ಚಿತ್ರವಿಲ್ಲ, ಸದ್ದಿಲ್ಲ. ಆದರೆ ಅದು ಒಂದು ಆಟ. ಹೆಸರು ನೆಟ್‌ಹ್ಯಾಕ್.

ನಮ್ಮ ತರಗತಿಯವರೆಲ್ಲ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುವಾಗ ನೀನು ಇದನ್ನು ಯಾಕೆ ಆಡುತ್ತೀಯ ಎಂದು ಸ್ನೇಹಿತರು ಆಗಾಗ ಕೇಳುತ್ತಾರೆ. ಊಟದ ಬಿಡುವಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಮರ್ಸ್ ಓದುವವರಿಗೆ ಈ ಆಟದಲ್ಲಿ ವಿಶೇಷವಾದದ್ದು ಒಂದಿದೆ. ಜೊತೆಗೆ ನಾನು ಮಾಡಿದ ಒಂದು ಮೋಸವೂ ಇದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ವಿದ್ಯಾರ್ಥಿಗಳು ಕಟ್ಟಿದ ಆಟ

1980ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು 'ರೋಗ್' ಎಂಬ ಆಟ ಬರೆದರು. ಅವರು ಬಳಸುತ್ತಿದ್ದ ಪರದೆಗಳ ಮೇಲೆ ಅಕ್ಷರ ಮಾತ್ರ ಮೂಡುತ್ತಿತ್ತು. ಆದ್ದರಿಂದ ಕೀಲಿಮಣೆಯ ಚಿಹ್ನೆಗಳಿಂದಲೇ ಕೋಣೆ, ಬಾಗಿಲು, ರಾಕ್ಷಸ ಎಲ್ಲವನ್ನೂ ತೋರಿಸಿದರು. ಪ್ರತಿ ಸಲ ಆಟ ಶುರು ಮಾಡಿದಾಗಲೂ ಕಂಪ್ಯೂಟರೇ ಹೊಸ ನಕ್ಷೆ ಹಾಕುತ್ತಿತ್ತು. 1982ರಲ್ಲಿ ಜೇ ಫೆನ್ಲಾಸನ್ ಎಂಬ ಹೈಸ್ಕೂಲು ಹುಡುಗ ತನ್ನ ಗೆಳೆಯರ ಜೊತೆ ಸೇರಿ ಅದೇ ಬಗೆಯ 'ಹ್ಯಾಕ್' ಎಂಬ ಆಟ ಮಾಡಿದ. ಅದನ್ನು ಹಾಲೆಂಡಿನ ಗಣಿತಜ್ಞ ಆಂಡ್ರೀಸ್ ಬ್ರೌವರ್ ಬೆಳೆಸಿದರು. ಕೊನೆಗೆ ಮೈಕ್ ಸ್ಟೀಫನ್‌ಸನ್ ಮತ್ತು ಇತರರು ಸೇರಿ 1987ರಲ್ಲಿ ನೆಟ್‌ಹ್ಯಾಕ್ ಹೊರತಂದರು.

ಹೆಸರಿನಲ್ಲಿ 'ನೆಟ್' ಇದೆಯೆಂದು ಇದನ್ನು ಇಂಟರ್‌ನೆಟ್ ಇದ್ದರೆ ಮಾತ್ರ ಆಡಬಹುದು ಎಂದುಕೊಳ್ಳಬೇಡಿ. ಬೇರೆ ಬೇರೆ ಊರುಗಳಲ್ಲಿದ್ದವರು ಕಂಪ್ಯೂಟರ್ ಜಾಲದ ಮೂಲಕ ಸೇರಿ ಇದನ್ನು ಬರೆದರು, ಅದಕ್ಕೆ ಆ ಹೆಸರು. ಆಟ ಪೂರ್ತಿ ಉಚಿತ. ಅದರ ಮೂಲ ಪ್ರೋಗ್ರಾಮನ್ನೂ ಯಾರು ಬೇಕಾದರೂ ತೆರೆದು ಓದಬಹುದು. ಮಾಮು ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಬೇರಾವ ಆಟವೂ ಓಡದ ಕಾರಣ ನಾನು ಇದಕ್ಕೆ ಬಂದೆ ಎಂಬುದು ನಿಜವಾದ ಮಾತು.

ಅಕ್ಷರಗಳ ಲೋಕ

ಇಮೇಲ್ ವಿಳಾಸದ ನಡುವೆ ಬರುವ 'ಅಟ್' ಚಿಹ್ನೆಯೇ ನೀವು. ಇಂಗ್ಲಿಷಿನ ಸಣ್ಣ 'ಡಿ' ಎಂದರೆ ನಾಯಿ, ದೊಡ್ಡ 'ಡಿ' ಎಂದರೆ ಬೆಂಕಿಯುಗುಳುವ ಡ್ರ್ಯಾಗನ್. ಸಣ್ಣ 'ಎಫ್' ಬೆಕ್ಕು. ಪ್ರಶ್ನಾರ್ಥಕ ಚಿಹ್ನೆ ಮಂತ್ರ ಬರೆದ ಸುರುಳಿ, ಆಶ್ಚರ್ಯಸೂಚಕ ಚಿಹ್ನೆ ಮದ್ದಿನ ಸೀಸೆ. ಡಾಲರ್ ಚಿಹ್ನೆ ಚಿನ್ನದ ನಾಣ್ಯ. ಮೊದಮೊದಲು ಒಂದೂ ಅರ್ಥವಾಗುವುದಿಲ್ಲ. ಒಂದು ವಾರ ಕಳೆದ ಮೇಲೆ ಅಕ್ಷರ ಮಾಯವಾಗಿ ಅದರ ಹಿಂದಿನ ಪ್ರಾಣಿಯೇ ಕಾಣಲು ಶುರುವಾಗುತ್ತದೆ. ಕತ್ತಲೆ ದಾರಿಯಲ್ಲಿ ದೊಡ್ಡ 'ಡಿ' ಎದುರಾದರೆ ನಿಜವಾಗಿಯೂ ಎದೆ ಝಲ್ಲೆನ್ನುತ್ತದೆ.

ಆಟದ ಗುರಿ ಹೇಳಲು ಸುಲಭ. ನೆಲದಡಿಯ ಸುಮಾರು 50 ಅಂತಸ್ತುಗಳನ್ನು ಇಳಿದು, ಯೆಂಡೋರ್‌ನ ತಾಯತ ಎಂಬ ವಸ್ತುವನ್ನು ಪಡೆದು, ಅದರೊಂದಿಗೆ ಮೇಲೆ ಹತ್ತಿ ಬರಬೇಕು. ಆರಂಭದಲ್ಲಿ 13 ಬಗೆಯ ಪಾತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಯೋಧೆ, ವೈದ್ಯ, ಸಮುರಾಯ್, ಮಾಂತ್ರಿಕ, ಕ್ಯಾಮೆರಾ ಹಿಡಿದ ಪ್ರವಾಸಿ, ಹೀಗೆ. ಜೊತೆಗೆ ಸಾಮಾನ್ಯವಾಗಿ ಒಂದು ನಾಯಿಮರಿ ಅಥವಾ ಬೆಕ್ಕಿನಮರಿ ಸಿಗುತ್ತದೆ.

ಇದು ಸರದಿಯ ಆಟ. ನೀವು ಕೀಲಿ ಒತ್ತುವವರೆಗೆ ಆಟದೊಳಗೆ ಯಾವುದೂ ಅಲುಗುವುದಿಲ್ಲ. ಅಮ್ಮಿ ಹಾಲು ತರಲು ಕಳಿಸಿದರೆ ರಾಕ್ಷಸನನ್ನು ಹಾಗೇ ನಿಲ್ಲಿಸಿ ಹೋಗಬಹುದು. ಬಂದು ನೋಡಿದರೆ ಅವನು ಅಲ್ಲೇ ಇರುತ್ತಾನೆ. ಬೆರಳಿನ ವೇಗಕ್ಕೆ ಇಲ್ಲಿ ಬೆಲೆಯಿಲ್ಲ, ಯೋಚನೆಗೆ ಇದೆ. ಮತ್ತು ಸತ್ತರೆ ಸತ್ತಂತೆಯೇ. ಇನ್ನೊಂದು ಜೀವ, ಹಿಂದಿನ ಘಟ್ಟದಿಂದ ಮತ್ತೆ ಶುರು, ಇವು ಯಾವುವೂ ಇಲ್ಲ. ಪರದೆಯ ಮೇಲೆ ಒಂದು ಗೋರಿಕಲ್ಲು ಮೂಡುತ್ತದೆ. ಅದರ ಮೇಲೆ ನಿಮ್ಮ ಹೆಸರು, ಕೈಯಲ್ಲಿದ್ದ ಚಿನ್ನ, ಸಾವಿನ ಕಾರಣ.

ಹೆಸರಿಲ್ಲದ ಸರಕು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಆಟದಲ್ಲಿ ಸಿಗುವ ಹೆಚ್ಚಿನ ಮಾಂತ್ರಿಕ ವಸ್ತುಗಳ ಹೆಸರು ನಮಗೆ ಗೊತ್ತಿರುವುದಿಲ್ಲ. ಮದ್ದು ಸಿಕ್ಕಿದರೆ 'ಹಳದಿ ಮದ್ದು' ಎಂದಷ್ಟೇ ತಿಳಿಯುತ್ತದೆ. ಸುರುಳಿಯ ಮೇಲೆ ಅರ್ಥವಿಲ್ಲದ ಅಕ್ಷರಗಳಿರುತ್ತವೆ. ಹಳದಿ ಮದ್ದು ಗಾಯ ಮಾಯಿಸುವುದೋ, ಕಣ್ಣು ಕುರುಡಾಗಿಸುವುದೋ ಕುಡಿಯದೆ ತಿಳಿಯದು. ಅಂತರ್ಜಾಲದಲ್ಲಿ ಹುಡುಕಿ ಉತ್ತರ ಪಡೆಯೋಣವೆಂದರೆ ಅದೂ ಆಗದು. ಯಾಕೆಂದರೆ ಪ್ರತಿ ಹೊಸ ಆಟದಲ್ಲಿ ಬಣ್ಣಗಳು ಅದಲುಬದಲಾಗುತ್ತವೆ. ನಿನ್ನೆ ಅಮೃತವಾಗಿದ್ದ ಹಳದಿ ಮದ್ದು ಇಂದು ವಿಷವಾಗಬಹುದು.

ಹಾಗಾದರೆ ತಿಳಿಯುವುದು ಹೇಗೆ? ಕುಡಿದು ನೋಡುವುದು ಒಂದು ದಾರಿ, ಅಪಾಯದ ದಾರಿ. ಎರಡನೆಯದು ಬೆಕ್ಕು. ಶಾಪಗ್ರಸ್ತ ವಸ್ತು ನೆಲದ ಮೇಲಿದ್ದರೆ ಸಾಕುಪ್ರಾಣಿ ಅದನ್ನು ತುಳಿಯಲು ಹಿಂಜರಿಯುತ್ತದೆ. ಸಿಕ್ಕಿದ ಕವಚವನ್ನು ಕೆಳಗಿಟ್ಟು ಬೆಕ್ಕು ಅದರ ಮೇಲೆ ಸಲೀಸಾಗಿ ನಡೆಯುತ್ತದೋ ಇಲ್ಲವೋ ಎಂದು ನೋಡಿದರೆ ಸಾಕು. ಮೂರನೆಯ ದಾರಿಯೇ ನಮ್ಮ ಪಾಠಕ್ಕೆ ಹತ್ತಿರವಾದದ್ದು: ಅಂಗಡಿ.

ಅಂಗಡಿಯ ಲೆಕ್ಕ

ನೆಲದಡಿಯ ಲೋಕದಲ್ಲಿ ಅಲ್ಲಲ್ಲಿ ಅಂಗಡಿಗಳಿವೆ. ಅಲ್ಲಿನ ನಾಣ್ಯದ ಹೆಸರು ಜೋರ್ಕ್‌ಮಿಡ್. ಗೋಡೆ ಕೊರೆಯುವ ಗುದ್ದಲಿ ಕೈಯಲ್ಲಿದ್ದರೆ ಅಂಗಡಿಯವನು ಒಳಗೆ ಬಿಡುವುದಿಲ್ಲ. ಒಳಗೆ ಹೋಗಿ ವಸ್ತು ಎತ್ತಿಕೊಂಡರೆ ಬೆಲೆ ಹೇಳಿ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ನಮಗೆ ವಸ್ತುವಿನ ಹೆಸರು ಗೊತ್ತಿಲ್ಲ, ಆದರೆ ಅವನಿಗೆ ಗೊತ್ತು. ಅವನು ಹೆಸರು ಹೇಳುವುದಿಲ್ಲ, ಬೆಲೆ ಹೇಳುತ್ತಾನೆ. ಬಣ್ಣ ಪ್ರತಿ ಆಟಕ್ಕೂ ಬದಲಾದರೂ ಮೂಲ ಬೆಲೆ ಬದಲಾಗುವುದಿಲ್ಲ. ಆದ್ದರಿಂದ ಬೆಲೆಯಿಂದ ಹೆಸರನ್ನು ಊಹಿಸಬಹುದು.

ಉದಾಹರಣೆ ನೋಡಿ. ಸುರುಳಿಗಳಲ್ಲಿ 20 ಜೋರ್ಕ್‌ಮಿಡ್ ಮೂಲ ಬೆಲೆಯದ್ದು ಒಂದೇ, ಬೇರೆ ವಸ್ತುಗಳ ಹೆಸರು ತಿಳಿಸುವ ಸುರುಳಿ. 60ರವುಗಳಲ್ಲಿ ಒಂದು ಆಯುಧದ ಶಕ್ತಿ ಹೆಚ್ಚಿಸುವುದು. 80ರವು ಎರಡು, ಕವಚವನ್ನು ಗಟ್ಟಿಮಾಡುವುದು ಮತ್ತು ಶಾಪ ತೆಗೆಯುವುದು. 300ರವು ನಾಲ್ಕು. ಅವುಗಳಲ್ಲಿ ಒಂದು ರಾಕ್ಷಸರ ಒಂದು ಜಾತಿಯನ್ನೇ ಲೋಕದಿಂದ ಅಳಿಸಿಬಿಡುತ್ತದೆ. ಇನ್ನೊಂದು ನಿಮ್ಮ ಕಾಲಿಗೇ ಕಬ್ಬಿಣದ ಗುಂಡು ಕಟ್ಟುತ್ತದೆ! ಬೆಲೆ ಹೆಚ್ಚಿದ್ದರೆ ಉಪಯೋಗವೂ ಹೆಚ್ಚು ಎಂದು ನಂಬಿದವರಿಗೆ ಇದು ಒಳ್ಳೆಯ ಪಾಠ.

ಆದರೆ ಅಂಗಡಿಯವನು ಮೂಲ ಬೆಲೆಯನ್ನು ನೇರವಾಗಿ ಹೇಳುವವನಲ್ಲ. ನಿಮ್ಮ ಕರಿಸ್ಮಾ, ಅಂದರೆ ಎದುರಿನವರ ಮೇಲೆ ಬೀರುವ ಪ್ರಭಾವದ ಅಂಕ, 11ರಿಂದ 15ರೊಳಗಿದ್ದರೆ ಮೂಲ ಬೆಲೆಯನ್ನೇ ಕೇಳುತ್ತಾನೆ. 16 ಅಥವಾ 17 ಇದ್ದರೆ ಮುಕ್ಕಾಲು ಬೆಲೆ. 5 ಅಥವಾ ಅದಕ್ಕೂ ಕಡಿಮೆಯಿದ್ದರೆ ಎರಡು ಪಟ್ಟು. ನೀವು ಹೊಸ ಪ್ರವಾಸಿಯಾಗಿದ್ದರೆ ಅಥವಾ ಪೆದ್ದರ ಟೊಪ್ಪಿ ಹಾಕಿಕೊಂಡಿದ್ದರೆ ಮೂರನೇ ಒಂದು ಭಾಗ ಹೆಚ್ಚು. ಪ್ರವಾಸಿ ತಾಣಗಳಲ್ಲಿ ಎಳನೀರು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಲ್ಲದೆ ಹೆಸರು ತಿಳಿಯದ ಕೆಲವು ವಸ್ತುಗಳ ಮೇಲೆ ಕಾರಣವಿಲ್ಲದೆಯೂ ಮೂರನೇ ಒಂದು ಭಾಗ ಏರಿಸುತ್ತಾನೆ. 60ರ ಸುರುಳಿಗೆ ಹಾಗೆ ಏರಿಸಿದರೆ ಎಷ್ಟಾಯಿತು? 80. ಅಂದರೆ 80 ಎಂದು ಕೇಳಿದಾಗ ಅದು 80ರದ್ದೋ, ಏರಿಸಿದ 60ರದ್ದೋ ತಿಳಿಯುವುದಿಲ್ಲ.

ಇಲ್ಲಿ ನಾನು ಸಿಕ್ಕಿಬಿದ್ದಿದ್ದೆ. ನನ್ನ ಅಬ್ಬಾ ಗುಜರಿ ವ್ಯಾಪಾರ ಮಾಡುತ್ತಾರೆ. ಕಂಪ್ಯೂಟರ್ ಆಟವೆಂದರೆ ಅವರಿಗೆ ಆಗದು. ಆದರೆ ಅಂದು ನಾನು ಹಾಳೆಯ ಮೇಲೆ ಬೆಲೆಗಳನ್ನು ಬರೆದುಕೊಂಡು ಕುಳಿತಿದ್ದನ್ನು ನೋಡಿ ಏನೆಂದು ಕೇಳಿದರು. ವಿವರಿಸಿದೆ. ಅವರು ಒಂದು ಕ್ಷಣವೂ ಯೋಚಿಸದೆ ಹೇಳಿದರು: "ಪೈಲೇ ಬೇಚ್‌ಕೋ ದೇಖ್ ರೇ." ಮೊದಲು ಮಾರಿ ನೋಡು ಎಂದರ್ಥ. ಕೊಳ್ಳುವವನಾಗಿ ಹೋದರೆ ಅಂಗಡಿಯವನು ಒಂದು ಮಾತು ಹೇಳುತ್ತಾನೆ, ಮಾರುವವನಾಗಿ ಹೋದರೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಜ ಬೆಲೆ ಹೊರಬರುತ್ತದೆ ಎಂಬುದು ಅವರ ವ್ಯಾಪಾರದ ಲೆಕ್ಕ.

ಆಟದಲ್ಲೂ ಹಾಗೆಯೇ. ಮಾರಲು ಹೋದರೆ ಅಂಗಡಿಯವನು ಸಾಮಾನ್ಯವಾಗಿ ಮೂಲ ಬೆಲೆಯ ಅರ್ಧ, ಕೆಲವೊಮ್ಮೆ ಮೂರನೇ ಒಂದು ಭಾಗ ಕೊಡುತ್ತೇನೆನ್ನುತ್ತಾನೆ. 60ರ ಸುರುಳಿಗೆ 30 ಅಥವಾ 20. 80ರದ್ದಕ್ಕೆ 40 ಅಥವಾ ಸುಮಾರು 27. ಈಗ ಗೊಂದಲವಿಲ್ಲ. ಬೆಲೆ ಕೇಳಿ 'ಬೇಡ' ಎಂದರೆ ವಸ್ತುವೂ ನಮ್ಮಲ್ಲೇ ಉಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಮಾಹಿತಿ ಸಿಕ್ಕಿತು.

ಹರಳುಗಳ ವಿಷಯದಲ್ಲಿ ಮಾತ್ರ ಅಂಗಡಿಯವನು ಪಕ್ಕಾ ಮೋಸಗಾರ. ನಿಮಗೆ ಹೆಸರು ಗೊತ್ತಿಲ್ಲದ ನಿಜವಾದ ರತ್ನವನ್ನು ಮಾರಲು ಒಯ್ದರೆ ಗಾಜಿನ ಬೆಲೆ ಹೇಳುತ್ತಾನೆ. ಅವನ ಅಂಗಡಿಯ ಗಾಜನ್ನು ಕೊಳ್ಳಲು ಹೋದರೆ ರತ್ನದ ಬೆಲೆ ಕೇಳುತ್ತಾನೆ. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದರ ಬಗ್ಗೆ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ಬಂತು. ಅಬ್ಬಾ ಆ ಲೇಖನ ಓದಿಲ್ಲ. ಹಿತ್ತಾಳೆಗೆ ಬಣ್ಣ ಬಳಿದು ತಂದವರನ್ನು ಮಾತ್ರ ಬೇಕಾದಷ್ಟು ನೋಡಿದ್ದಾರೆ.

ಅಂದಿನಿಂದ ಅಬ್ಬಾ ಆಗಾಗ ಬಂದು ಹಿಂದೆ ನಿಲ್ಲುತ್ತಾರೆ. ಒಮ್ಮೆ ನನ್ನ ಬೆಕ್ಕು ಅಂಗಡಿಯಿಂದ ಒಂದು ಉಂಗುರವನ್ನು ಕಚ್ಚಿಕೊಂಡು ಹೊರಗೆ ತಂದು ನನ್ನ ಮುಂದೆ ಹಾಕಿತು. ಆಟದ ನಿಯಮದಂತೆ ಇದಕ್ಕೆ ಹಣ ಕೊಡಬೇಕಿಲ್ಲ. ನಾನು ಖುಷಿಯಿಂದ ಅಬ್ಬಾಗೆ ತೋರಿಸಿದೆ. "ಚೋರಿ ತೋ ಚೋರೀಚ್," ಎಂದರು. ಕಳ್ಳತನವೆಂದರೆ ಕಳ್ಳತನವೇ. ಬೆಕ್ಕಿಗೆ ಹಾಗೆನ್ನಿಸಲಿಲ್ಲ, ಆದರೆ ನಾನು ಉಂಗುರವನ್ನು ಅಂಗಡಿಯೊಳಗೆ ಒಯ್ದು ಇಟ್ಟುಬಂದೆ.

ಪ್ರಾರ್ಥನೆಯ ಪ್ರಶ್ನೆ

ನಮ್ಮ ಕಾಲೇಜಿನವರು ಈ ಆಟ ಶುರು ಮಾಡಿದರೆ ಬೇಗ ಎದುರಾಗುವ ಪ್ರಶ್ನೆಯೊಂದಿದೆ. ಆಟದೊಳಗೆ ಕಲ್ಪಿತ ದೇವರುಗಳಿದ್ದಾರೆ. ನಿಮ್ಮ ಜೀವದ ಅಂಕ ಪೂರ್ಣದ ಏಳನೇ ಒಂದು ಭಾಗಕ್ಕಿಂತ ಕೆಳಗಿಳಿದಾಗ ಅವರಿಗೆ ಪ್ರಾರ್ಥನೆ ಮಾಡಿದರೆ ಹೆಚ್ಚಿನ ಸಲ ಗಾಯ ವಾಸಿಯಾಗುತ್ತದೆ. ಆಟಗಾರರೆಲ್ಲ ಮೊದಲು ಕಲಿಯುವ ಉಪಾಯವೇ ಇದು. ನನಗೆ ಆ ಕೀಲಿ ಒತ್ತಲು ಮನಸ್ಸು ಬರಲಿಲ್ಲ. "ಆಟ ತಾನೇ?" ಎಂದರು ಸ್ನೇಹಿತರು. ಇರಬಹುದು. ಒತ್ತುವವರನ್ನು ನಾನು ತಪ್ಪೆನ್ನುವುದಿಲ್ಲ. ನನ್ನ ಕೈ ಹೋಗಲಿಲ್ಲ, ಅಷ್ಟೇ.

ಸೊಗಸೇನೆಂದರೆ ಆಟ ಇದನ್ನೂ ಲೆಕ್ಕದಲ್ಲಿಡುತ್ತದೆ. ಮಾಂಸ ತಿನ್ನದೆ ಆಡುವುದು, ಯಾರನ್ನೂ ಕೊಲ್ಲದೆ ಆಡುವುದು, ಒಂದಕ್ಷರವನ್ನೂ ಓದದೆ ಆಡುವುದು, ಹೀಗೆ ನಾವೇ ಹಾಕಿಕೊಂಡ ಕಟ್ಟುಪಾಡುಗಳನ್ನು ಅದು ನಡತೆಯ ಪಟ್ಟಿಯಲ್ಲಿ ತೋರಿಸುತ್ತದೆ. ಪ್ರಾರ್ಥಿಸದೆ, ಬಲಿಪೀಠ ಬಳಸದೆ ಆಡುವವರಿಗೆ ಆ ಪಟ್ಟಿಯಲ್ಲಿ ಸಿಗುವ ಹೆಸರು 'ನಾಸ್ತಿಕ'! ನನ್ನ ಕಾರಣ ಅದಕ್ಕೆ ತೀರಾ ಉಲ್ಟಾ ಎಂದು ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ತಾಯತವನ್ನು ಕೊನೆಯಲ್ಲಿ ಆಟದ ದೇವರಿಗೆ ಒಪ್ಪಿಸಬೇಕಂತೆ. ಅಷ್ಟು ದೂರ ನಾನು ಎಂದೂ ತಲುಪಿಲ್ಲ. ತಲುಪಿದ ದಿನ ಯೋಚಿಸುತ್ತೇನೆ.

ನಾನು ಸತ್ತದ್ದು, ಮೋಸ ಮಾಡಿದ್ದು

ಮೂರು ವಾರ ಒಂದೇ ಪಾತ್ರವನ್ನು ಜೋಪಾನವಾಗಿ ಬೆಳೆಸಿದ್ದೆ. ಅಷ್ಟು ಆಳಕ್ಕೆ ನಾನು ಹಿಂದೆಂದೂ ಇಳಿದಿರಲಿಲ್ಲ. ಆಗ ಸೈನಿಕ ಇರುವೆಗಳು ಸುತ್ತುವರಿದವು. ನೋಡಲು ಅವು ಒಂದು ಸಣ್ಣ 'ಎ' ಅಕ್ಷರ, ಆದರೆ ಈ ಆಟದಲ್ಲಿ ಡ್ರ್ಯಾಗನ್‌ಗಿಂತ ಹೆಚ್ಚು ಜನರು ಹೆದರುವುದು ಇವಕ್ಕೇ. ನಾವು ಒಂದು ಹೆಜ್ಜೆ ಇಡುವಷ್ಟರಲ್ಲಿ ಹಲವು ಸಲ ಕಚ್ಚುತ್ತವೆ. ಜೀವ ತಳಕ್ಕೆ ಬಂತು. ಪ್ರಾರ್ಥನೆ ಮಾಡುವಂತಿಲ್ಲ. ಚೀಲದಲ್ಲಿ ಅಂಗಡಿಯಿಂದ ಕೊಂಡ ಒಂದು ಮದ್ದಿತ್ತು. ಬೆಲೆ 100 ಎಂದು ನನ್ನ ಹಾಳೆಯಲ್ಲಿತ್ತು. ನಾನು ಆಡುವ 3.6ರ ಆವೃತ್ತಿಯಲ್ಲಿ 100 ಬೆಲೆಯ ಮದ್ದು ಆರು ಬಗೆ. ಅವುಗಳಲ್ಲಿ ಎರಡು ಗಾಯ ವಾಸಿ ಮಾಡುತ್ತವೆ. ಹಾಳೆಯಲ್ಲಿ ನಾನು ಆ ಎರಡರ ಹೆಸರನ್ನು ಮಾತ್ರ ಬರೆದಿಟ್ಟುಕೊಂಡಿದ್ದೆ. ಬೇಕಾದದ್ದನ್ನು ಬರೆದು, ಬೇಡದ ನಾಲ್ಕನ್ನು ಬಿಟ್ಟಿದ್ದೆ.

ಕುಡಿದೆ. ಅದು ನಿದ್ದೆಯ ಮದ್ದು. ಗೋರಿಕಲ್ಲು ಬಂತು.

ಬೆಲೆ ನನಗೆ ಸುಳ್ಳು ಹೇಳಿರಲಿಲ್ಲ. 'ಈ ಆರರಲ್ಲಿ ಒಂದು' ಎಂದಷ್ಟೇ ಹೇಳಿತ್ತು. ಉಳಿದದ್ದನ್ನು ನಾನೇ ಸೇರಿಸಿಕೊಂಡಿದ್ದೆ.

ಈಗ ಮೋಸದ ಕಥೆ. ಆಟವನ್ನು ನಡುವೆ ನಿಲ್ಲಿಸಿದಾಗ ಒಂದು ಕಡತದಲ್ಲಿ ಉಳಿಯುತ್ತದೆ. ಮತ್ತೆ ತೆರೆದ ಕೂಡಲೇ ಆಟ ಆ ಕಡತವನ್ನು ಅಳಿಸಿಬಿಡುತ್ತದೆ, ಯಾರೂ ಸಾವಿನಿಂದ ಹಿಂದಕ್ಕೆ ಬರಬಾರದೆಂದು. ಆದರೆ ಹಿಂದಿನ ರಾತ್ರಿ ನಾನು ಅದರ ಪ್ರತಿಯೊಂದನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೆ. ಆ ಪ್ರತಿಯನ್ನು ಮೊದಲಿನ ಜಾಗಕ್ಕೆ ಹಾಕಿದೆ. ಸತ್ತವನು ಎದ್ದು ಕುಳಿತ. ಈ ಸಲ ಇರುವೆಗಳಿದ್ದ ದಾರಿಗೆ ಹೋಗಲಿಲ್ಲ. ಇನ್ನೂ ಮೂರು ಅಂತಸ್ತು ಇಳಿದೆ. ಮರುದಿನ ಕಾಲೇಜಿನಲ್ಲಿ ಈ ಆಟ ಆಡುವ ನನ್ನ ಒಬ್ಬನೇ ಗೆಳೆಯನಿಗೆ ಹೇಳಿಕೊಂಡೆ. ಅವನು ಹದಿನೈದು ಸಲ ಸತ್ತವನು. ಕೈ ಕುಲುಕಿ, "ಹೇಗಪ್ಪಾ ಬಚಾವಾದೆ?" ಎಂದು ಕೇಳಿದ. ಏನೋ ಒಂದು ಕಥೆ ಕಟ್ಟಿದೆ.

ಅದೇ ವಾರ ಲೆಕ್ಕಶಾಸ್ತ್ರದ ತರಗತಿಯಲ್ಲಿ ಸರ್ ತಪ್ಪುಗಳ ತಿದ್ದುಪಡಿಯನ್ನು ಪುನರಾವರ್ತನೆ ಮಾಡಿಸಿದರು. ನಮಗೆಲ್ಲ ಗೊತ್ತಿರುವ ನಿಯಮ: ತಪ್ಪು ಎಂಟ್ರಿಯನ್ನು ಉಜ್ಜಿ ಅಳಿಸಬಾರದು, ಅದು ಅಲ್ಲೇ ಇರಬೇಕು, ಕೆಳಗೆ ರೆಕ್ಟಿಫಿಕೇಶನ್ ಎಂಟ್ರಿ ಬರೆಯಬೇಕು. 2023ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕಂಪನಿಗಳು ಆಡಿಟ್ ಟ್ರೇಲ್ ಇರುವ ಸಾಫ್ಟ್‌ವೇರನ್ನೇ ಬಳಸಬೇಕು ಎಂದೂ ಹೇಳಿದರು. ಯಾವ ಬದಲಾವಣೆ, ಯಾವ ದಿನ ಎಂಬುದು ಅದರಲ್ಲಿ ದಾಖಲಾಗುತ್ತದೆ, ಆ ದಾಖಲೆಯನ್ನು ನಿಲ್ಲಿಸಿಡಲೂ ಆಗದು. ನಾನು ತಲೆ ತಗ್ಗಿಸಿ ನೋಟ್ಸ್ ಬರೆದುಕೊಂಡೆ. ನನ್ನ ಫೋಲ್ಡರಿನ ವಿಷಯ ಸರ್‌ಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮನೆಗೆ ಬಂದು ಆಟ ತೆರೆದೆ. ಮುಂದೆ ಆಡಲು ಯಾವ ಆಸೆಯೂ ಉಳಿದಿರಲಿಲ್ಲ. ಸತ್ತರೆ ಮತ್ತೆ ಪ್ರತಿ ಹಾಕಬಹುದು ಎಂದಾದ ಮೇಲೆ ಯಾವ ಮದ್ದನ್ನು ಕುಡಿದರೇನು? ಬೆಲೆ ಕೇಳುವುದಕ್ಕೂ, ಬೆಕ್ಕನ್ನು ನಡೆಸಿ ನೋಡುವುದಕ್ಕೂ ಅರ್ಥವಿಲ್ಲ. ಕಳೆದುಕೊಳ್ಳುವ ಭಯವಿದ್ದದ್ದರಿಂದಲೇ ನಾನು ಅಷ್ಟೊಂದು ಕಲಿತಿದ್ದೆ. ಪ್ರತಿಯನ್ನೂ ಆಟವನ್ನೂ ಅಳಿಸಿದೆ. ಮರುದಿನ ಗೆಳೆಯನಿಗೆ ನಿಜ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನ ದಾಖಲೆಯೇ ಮೇಲೆ," ಎಂದು ನಕ್ಕ. ಹೌದು, ಅವನದ್ದೇ ಮೇಲೆ.

ಆಡಬೇಕೆನ್ನುವವರಿಗೆ

ಆಟವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಹಣ ಕೇಳುವುದಿಲ್ಲ. ಮೊದಲ ಸಲ ವಾಲ್ಕಿರಿ ಎಂಬ ಯೋಧೆಯ ಪಾತ್ರವನ್ನು, ಕುಬ್ಜ ಜಾತಿಯಲ್ಲಿ, ಆರಿಸಿಕೊಳ್ಳಿ. ಗಟ್ಟಿ ಪಾತ್ರ, ಗಣಿಯಲ್ಲಿರುವ ಕುಬ್ಜರಲ್ಲಿ ಹೆಚ್ಚಿನವರು ನಿಮ್ಮ ತಂಟೆಗೆ ಬರುವುದಿಲ್ಲ. ಆ ಗಣಿಯ ನಡುವೆ ಒಂದು ಊರಿದೆ, ಅಲ್ಲಿ ಸಾಮಾನ್ಯವಾಗಿ ಅಂಗಡಿಗಳಿರುತ್ತವೆ. ನೀಲಿ ಬಣ್ಣದ ಸಣ್ಣ 'ಇ' ಕಂಡರೆ ಕೈಯಿಂದ ಹೊಡೆಯಬೇಡಿ. ಅದು ತೇಲುವ ಕಣ್ಣು, ಹೊಡೆದವರು ಮರಗಟ್ಟಿ ನಿಲ್ಲುತ್ತಾರೆ. ಸಾಯದೆ ಅಭ್ಯಾಸ ಮಾಡಬೇಕೆಂದರೆ ಆಟದಲ್ಲೇ ಅದಕ್ಕೊಂದು ಅನ್ವೇಷಣೆಯ ವಿಧಾನವಿದೆ. ಅಲ್ಲಿ ಗಳಿಸಿದ ಅಂಕ ದಾಖಲೆಗೆ ಸೇರುವುದಿಲ್ಲ, ಆದ್ದರಿಂದ ಅದು ಮೋಸವೂ ಅಲ್ಲ. ನನ್ನ ಹಾಗೆ ಕಡತ ಕದಿಯುವ ಅಗತ್ಯವಿಲ್ಲ.

ಸಮಯದ ಬಗ್ಗೆ ಎಚ್ಚರವಿರಲಿ. ನಾನು ಪರೀಕ್ಷೆ ಮುಗಿಯುವವರೆಗೆ ಭಾನುವಾರ ಅಸರ್‌ನಿಂದ ಮಗ್ರಿಬ್‌ವರೆಗೆ ಮಾತ್ರ ಆಡುತ್ತೇನೆ. ಹೊಸ ಪಾತ್ರ ಈಗ ಆರನೇ ಅಂತಸ್ತಿನಲ್ಲಿದೆ. ಚೀಲದಲ್ಲಿ 100 ಬೆಲೆಯ ಒಂದು ಹಸಿರು ಮದ್ದಿದೆ. ಈ ಸಲ ಹಾಳೆಯ ಮೇಲೆ ಆರೂ ಹೆಸರು ಬರೆದಿದ್ದೇನೆ.